ಬೀಗದ ಕೈ ಯಾರ ಬಳಿ ಇರಬೇಕು

ನಮಸ್ಕಾರ. ಸಕಲೇಶಪುರದ ಕಡೆಯ ಹಳ್ಳಿಯಿಂದ ಮೊದಲ ಕೆಲಸಕ್ಕೆಂದು ಹಾಸನಕ್ಕೆ ಬಂದಾಗ, ಸಾಲಗಾಮೆ ರಸ್ತೆಯ ಆಸುಪಾಸಿನಲ್ಲಿ ನಾನು ನಾಲ್ಕು ಮನೆಗಳ ಬಾಗಿಲು ತಟ್ಟಿದ್ದೆ. ನಾಲ್ಕರಲ್ಲೂ ಬಾಡಿಗೆಯ ಮಾತಿಗಿಂತ ಮೊದಲು ಬಂದದ್ದು, ಜೊತೆಗೆ ಯಾರಿದ್ದಾರೆ ಎಂಬ ಪ್ರಶ್ನೆ. ಯಾರೂ ಇಲ್ಲವೆಂದ ಮೇಲೆ ಖಾಲಿಯಿದ್ದ ಮನೆಯೂ ಖಾಲಿಯಿಲ್ಲವಾಯಿತು.

ನೂರು ವರ್ಷಗಳಿಗೂ ಹಿಂದೆ ನ್ಯೂಯಾರ್ಕ್‌ನಲ್ಲೂ ಇದೇ ಪ್ರಶ್ನೆಯಿತ್ತು. ಕತ್ತಲಾದ ಮೇಲೆ ಗಂಡಸಿನ ಜೊತೆಯಿಲ್ಲದೆ ಬಂದ ಹೆಂಗಸಿಗೆ ಅಲ್ಲಿನ ಅನೇಕ ಹೋಟೆಲುಗಳು ಕೋಣೆ ಕೊಡುತ್ತಿರಲಿಲ್ಲ. ಬೆರಳಚ್ಚು ಯಂತ್ರ ಮತ್ತು ಅಂಗಡಿಗಳ ಕೆಲಸ ಹೆಣ್ಣುಮಕ್ಕಳನ್ನು ನಗರಕ್ಕೆ ಕರೆಯುತ್ತಿದ್ದ ಹೊತ್ತಿನಲ್ಲಿ, ಮಹಿಳೆಯರಿಗಾಗಿಯೇ ಇರುವ ವಸತಿ ಹೋಟೆಲುಗಳು ಹುಟ್ಟಿಕೊಂಡವು.

ಮೊದಲ ದೊಡ್ಡ ಪ್ರಯತ್ನ ಸೋತಿತು, ಮತ್ತು ಆ ಸೋಲನ್ನು ನಾವು ಗಮನವಿಟ್ಟು ನೋಡಬೇಕು. ವ್ಯಾಪಾರಿ ಎ. ಟಿ. ಸ್ಟೀವರ್ಟ್ ದುಡಿಯುವ ಹೆಂಗಸರಿಗೆಂದು ಕಟ್ಟಿಸಲು ತೊಡಗಿದ ಭವ್ಯ ಹೋಟೆಲು, ಅವನು ತೀರಿಕೊಂಡ ಮೇಲೆ, 1878ರ ಏಪ್ರಿಲ್‌ನಲ್ಲಿ ತೆರೆಯಿತು. ಕೋಣೆಗೆ ಅತಿಥಿಗಳು ಬರುವಂತಿಲ್ಲ, ಸಾಕುಪ್ರಾಣಿ ಇಡುವಂತಿಲ್ಲ, ಹೊಲಿಗೆ ಯಂತ್ರವನ್ನೂ ತರುವಂತಿಲ್ಲ. ಹೊಲಿಗೆಯಿಂದಲೇ ಹೊಟ್ಟೆ ಹೊರೆಯುತ್ತಿದ್ದವಳಿಗೆ ಇದೆಂಥ ಆಶ್ರಯ! ಬಾಡಿಗೆಯೂ ಅವಳ ಸಂಬಳಕ್ಕೆ ನಿಲುಕುವಂತಿರಲಿಲ್ಲ. ಎರಡು ತಿಂಗಳೊಳಗೆ ಅದು ಮುಚ್ಚಿ ಎಲ್ಲರಿಗೂ ತೆರೆದ ಸಾಮಾನ್ಯ ಹೋಟೆಲಾಯಿತು. ತಪ್ಪನ್ನು ಮಾತ್ರ ಹೆಂಗಸರ ಮೇಲೆ ಹೊರಿಸಲಾಯಿತು.

1903ರಲ್ಲಿ ತೆರೆದ ಮಾರ್ಥಾ ವಾಷಿಂಗ್ಟನ್ ಹೋಟೆಲು ಬೇರೆ ಹಾದಿ ಹಿಡಿಯಿತು. ನಾನೂರಕ್ಕೂ ಹೆಚ್ಚು ಕೋಣೆಗಳಿದ್ದ ಅಲ್ಲಿ ಉದ್ಯೋಗಸ್ಥ ಮಹಿಳೆಯರು ನೆಲೆಸಿದರು, ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದವರ ಸಂಘಟನೆಯೊಂದು ಅಲ್ಲಿಯೇ ಕಚೇರಿ ಮಾಡಿಕೊಂಡಿತು. ಒಂಟಿ ಹೆಣ್ಣುಗಳು ಒಂದೇ ಸೂರಿನಡಿ ಊಟಕ್ಕೆ ಕೂತರೆ ಮಾತು ಮನೆಯ ಹೊಸ್ತಿಲು ದಾಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಹೆಚ್ಚು ಹೆಸರಾದದ್ದು 1927ರಲ್ಲಿ ಕಟ್ಟಿದ 23 ಮಹಡಿಗಳ ಬಾರ್ಬಿಜಾನ್ ಹೋಟೆಲು. ನಟಿ ಗ್ರೇಸ್ ಕೆಲಿ, ಕವಯಿತ್ರಿ ಸಿಲ್ವಿಯಾ ಪ್ಲಾತ್ ಅಲ್ಲಿ ತಂಗಿದ್ದರು. ಪ್ರವೇಶಕ್ಕೆ ಮೂರು ಶಿಫಾರಸು ಪತ್ರ ಬೇಕಿತ್ತು. ಗಂಡಸರಿಗೆ ಕೆಳಗಿನ ಹಜಾರವೇ ಗಡಿ. ಕೋಣೆಗಳು ತೀರಾ ಚಿಕ್ಕವು, ಆದರೆ ಬೀಗದ ಕೈ ಅಲ್ಲಿ ತಂಗಿದವಳದೇ. ಪತ್ರ ಬರೆದುಕೊಡುವ ಬಲ್ಲವರಿಲ್ಲದ ಬಡ ಹುಡುಗಿಗೆ ಆ ಬಾಗಿಲು ತೆರೆಯುವುದು ಕಷ್ಟವಿತ್ತೆಂಬುದನ್ನೂ ನಾನು ಮರೆಯಲಾರೆ. 1981ರಲ್ಲಿ ಅಲ್ಲಿ ಪುರುಷರಿಗೂ ಕೋಣೆ ಸಿಗತೊಡಗಿತು.

ನಮ್ಮ ದೇಶದಲ್ಲಿ ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್ ಕಟ್ಟಲು ಕೇಂದ್ರ ಸರ್ಕಾರ ನೆರವು ಕೊಡತೊಡಗಿದ್ದು 1972–73ರಲ್ಲಿ. ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರವೂ ಆ ಯೋಜನೆಯೊಳಗೆ ಸೇರಿತು, ಇದು ನಿಜಕ್ಕೂ ವಿವೇಕದ ಮಾತು. ಹಾಸನದಲ್ಲಿ ಇಂದು ಗಾರ್ಮೆಂಟ್ಸ್, ಆಸ್ಪತ್ರೆ, ಕಾಲೇಜುಗಳಿಗೆ ಬೇಲೂರು, ಅರಕಲಗೂಡಿನ ಕಡೆಯ ಹೆಣ್ಣುಮಕ್ಕಳು ದುಡಿಯಲು ಬರುತ್ತಾರೆ. ಅವರಿಗೆ ಕೈಗೆಟುಕುವ ಬಾಡಿಗೆಯ ಹಾಸ್ಟೆಲುಗಳು ಇನ್ನಷ್ಟು ಬೇಕು, ಮತ್ತು ಗೇಟು ಮುಚ್ಚುವ ಹೊತ್ತನ್ನು ಅಲ್ಲಿ ವಾಸಿಸುವವರೇ ಕೂತು ನಿರ್ಧರಿಸಬೇಕು. ರಾತ್ರಿ ಪಾಳಿ ಮುಗಿಸಿದ ನರ್ಸ್, ತಡವಾಯಿತೆಂದು ವಾರ್ಡನ್‌ಗೆ ಕಾರಣ ಒಪ್ಪಿಸದೆ, ತನ್ನ ಕೀಲಿಯಿಂದಲೇ ಬಾಗಿಲು ತೆರೆದು ಒಳಹೋಗಿ ಮಲಗುವಂತಿರಬೇಕು.