ಮಂಡಿ ನೋವು, ತೂಕ, ನಡಿಗೆ: ಯಾವುದು ಮೊದಲು?

ಕೇಳುಗರೆಲ್ಲರಿಗೂ ನಮಸ್ಕಾರ.

ಚಿಕ್ಕಬಳ್ಳಾಪುರದಲ್ಲಿ ಫಿಜಿಯೋಥೆರಪಿ ಮಾಡುವ ನನ್ನ ಕಿವಿಗೆ ಹೆಚ್ಚುಕಡಿಮೆ ದಿನವೂ ಬೀಳುವ ಮಾತೊಂದಿದೆ. "ಡಾಕ್ಟ್ರು ತೂಕ ಇಳಿಸಿ ಅಂತಾರೆ ಮೇಡಂ. ತೂಕ ಇಳೀಬೇಕಾದ್ರೆ ನಡೀರಿ ಅಂತಾರೆ. ನಡೆಯೋಣ ಅಂದ್ರೆ ಮಂಡಿ ಬಿಡಲ್ಲ. ನಾನೇನು ಮಾಡ್ಲಿ?"

ಹೀಗೆ ಕೇಳುವವರು ಸೋಮಾರಿಗಳಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಬರುವ ಎಷ್ಟೋ ತಾಯಂದಿರು ವರ್ಷಗಟ್ಟಲೆ ರೇಷ್ಮೆ ಹುಳ ಸಾಕಿದವರು. ಬೆಳಕು ಹರಿಯುವ ಮೊದಲೇ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊರೆ ಹೊತ್ತು ತಂದು, ಹುಳಕ್ಕೆ ಹಾಕಿ, ಕಸ ತೆಗೆದು, ಹುಳ ಹಣ್ಣಾದಾಗ ರಾತ್ರಿಯೆಲ್ಲ ಎಚ್ಚರವಿದ್ದು, ಗೂಡು ಕಟ್ಟಲಿ ಎಂದು ಚಂದ್ರಿಕೆ ತಟ್ಟೆಗೆ ಬಿಟ್ಟವರು. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ, ಕೊಳವೆಬಾವಿ ಬತ್ತಿತು, ಹುಳ ಸಾಕುವುದು ನಿಂತಿತು. ಕೆಲಸ ಹೋಯಿತು, ಮುದ್ದೆಯ ಗಾತ್ರ ಮಾತ್ರ ಹಾಗೇ ಉಳಿಯಿತು. ನಾಲ್ಕೈದು ವರ್ಷದಲ್ಲಿ ಮೈ ಭಾರವಾಗಿ, ಮಂಡಿ ಹಿಡಿದುಕೊಂಡಿತು. ಇದರಲ್ಲಿ ಅವರ ತಪ್ಪೇನಿದೆ?

ತೂಕಕ್ಕೂ ಮಂಡಿಗೂ ಇರುವ ಲೆಕ್ಕವನ್ನು ಮೊದಲು ಹೇಳುತ್ತೇನೆ. ಅಮೆರಿಕದ ಸಂಶೋಧಕರು ಮಂಡಿ ಸವೆದ, ತೂಕ ಹೆಚ್ಚಿದ್ದ ಹಿರಿಯರನ್ನು ನಡೆಸಿ ಅಳೆದು ನೋಡಿದರು. ಮೈಯಿಂದ 1 ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು 4 ಕೆಜಿ ತಗ್ಗುತ್ತದೆ. ಅಂದರೆ 3 ಕೆಜಿ ಇಳಿಸಿದವರಿಗೆ ಹೆಜ್ಜೆಗೆ 12 ಕೆಜಿ ಹಗುರ. ಒಂದು ಕಿಲೋಮೀಟರಿಗೆ ಸಾವಿರಕ್ಕೂ ಹೆಚ್ಚು ಹೆಜ್ಜೆ ಬೀಳುತ್ತವೆ, ಲೆಕ್ಕ ಹಾಕಿಕೊಳ್ಳಿ. "ಹತ್ತಿಪ್ಪತ್ತು ಕೆಜಿ ಇಳಿದರೆ ಮಾತ್ರ ಪ್ರಯೋಜನ" ಎಂದು ಕೈಚೆಲ್ಲಿ ಕೂತವರಿಗೆ ನಾನು ಇದನ್ನೇ ಮತ್ತೆ ಮತ್ತೆ ಹೇಳುವುದು. ಮೊದಲ ಮೂರು ಕೆಜಿಯೇ ನಿಮ್ಮನ್ನು ಬೀದಿಯ ತುದಿಯವರೆಗೆ ನಡೆಸುತ್ತದೆ.

ಆ ಮೂರು ಕೆಜಿ ನಡೆದೇ ಇಳಿಯಬೇಕೆಂದಿಲ್ಲ. 70 ಕೆಜಿ ತೂಕದವರು ಒಂದು ಕಿಲೋಮೀಟರ್ ನಡೆದರೆ ಹೆಚ್ಚುವರಿಯಾಗಿ ಖರ್ಚಾಗುವುದು ಸುಮಾರು 35 ಕ್ಯಾಲೊರಿ. ಒಂದು ದೊಡ್ಡ ಚಮಚ, ಅಂದರೆ 15 ಗ್ರಾಂ ಎಣ್ಣೆಯಲ್ಲಿ 135 ಕ್ಯಾಲೊರಿ ಇರುತ್ತದೆ. ಸಾರಿನ ಒಗ್ಗರಣೆಗೆ ಕೈ ಬಂದಷ್ಟು ಎಣ್ಣೆ ಸುರಿದು, ಅದನ್ನು ನಡಿಗೆಯಲ್ಲಿ ಕರಗಿಸುತ್ತೇನೆಂದರೆ ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರ್ ನಡೆಯಬೇಕು. ನಮ್ಮ ಹುಡುಗರು ಭಾನುವಾರ ಸುಲ್ತಾನ್‌ಪೇಟೆಯಿಂದ ನಂದಿ ಬೆಟ್ಟದ 1175 ಮೆಟ್ಟಿಲು ಹತ್ತುತ್ತಾರೆ. ಬಹಳ ಸಂತೋಷ. ಇಳಿದು ಬಂದು ಎರಡು ಬೆಣ್ಣೆ ದೋಸೆ ತಿಂದರೆ ತೂಕದ ಲೆಕ್ಕದಲ್ಲಿ ಉಳಿಯುವುದು ಅಷ್ಟರಲ್ಲೇ. ಹಾಗಾಗಿ ಮಂಡಿ ನೋವಿರುವವರು ತಟ್ಟೆಯಿಂದಲೇ ಶುರುಮಾಡಿ. ಎರಡು ಮುದ್ದೆ ಇದ್ದದ್ದು ಒಂದಾಗಲಿ, ಬಸ್ಸಾರು, ಸೊಪ್ಪು, ಕಾಳು ಹೆಚ್ಚಾಗಲಿ, ಟೀಗೆ ಸಕ್ಕರೆ ಕಡಿಮೆಯಾಗಲಿ.

ಹಾಗಾದರೆ ನಡೆಯುವುದೇ ಬೇಡವೇ? ಬೇಕು. ಯಾಕೆ ಬೇಕು ಎಂಬುದನ್ನು ನಮ್ಮಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ, ನನಗೆ ಅದೇ ಬೇಸರ.

ಊಟ ಕಡಿಮೆಯಾದ ಕೂಡಲೇ ದೇಹ ನಮಗೆ ಗೊತ್ತಿಲ್ಲದ ಹಾಗೆ ಓಡಾಟವನ್ನು ಕಡಿಮೆ ಮಾಡುತ್ತದೆ. 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 36 ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಆರೋಗ್ಯವಾಗಿದ್ದ ಹುಡುಗರು ಮಂಕಾಗಿ, ಎದ್ದು ಓಡಾಡಲು ಮನಸ್ಸಿಲ್ಲದೆ ಕೂತುಬಿಟ್ಟರು. ಅದು ಕಠಿಣ ಉಪವಾಸ, ನಮ್ಮ ಮನೆಯಲ್ಲಿ ಅಷ್ಟಾಗುವುದಿಲ್ಲ. ಆದರೂ ಗಮನಿಸಿ ನೋಡಿ: ರಾತ್ರಿ ಊಟ ಬಿಟ್ಟವರು ಮಾರನೇ ದಿನ ಮೊಮ್ಮಗನಿಗೆ "ನೀರು ತಂದ್ಕೊಡಪ್ಪ" ಅನ್ನುತ್ತಾರೆ. ಅಂಗಡಿಗೆ ತಾವೇ ಹೋಗುತ್ತಿದ್ದವರು ಫೋನ್ ಮಾಡಿ ತರಿಸುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ತೂಕದ ಯಂತ್ರದ ಮುಳ್ಳು ಅಲ್ಲಾಡುವುದಿಲ್ಲ. ಆಗ ಊಟವನ್ನು ಇನ್ನೂ ಕಡಿಮೆ ಮಾಡುತ್ತಾರೆ, ಇನ್ನೂ ಸುಸ್ತಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಿನ್ನುವುದು ಕಡಿಮೆಯಾದ ದಿನ ಓಡಾಟ ಕಡಿಮೆಯಾಗದಂತೆ ಕಾಯ್ದುಕೊಳ್ಳಿ.

ಇನ್ನೊಂದು ಕಾರಣವೂ ಇದೆ. ಬರೀ ಊಟ ಬಿಟ್ಟು ಇಳಿದ ತೂಕದಲ್ಲಿ ಕೊಬ್ಬು ಮಾತ್ರ ಇರುವುದಿಲ್ಲ. ಸುಮಾರು ಕಾಲು ಭಾಗ ಮಾಂಸಖಂಡ ಮತ್ತಿತರ ಅಂಶವೂ ಹೋಗಿರುತ್ತದೆ. ಮಂಡಿಯನ್ನು ಹಿಡಿದು ನಿಲ್ಲಿಸುವುದೇ ತೊಡೆಯ ಮಾಂಸಖಂಡ. ಅದನ್ನು ಕಳೆದುಕೊಂಡು ತೂಕ ಇಳಿಸಿದರೆ ಏನು ಬಂತು?

ಅದಕ್ಕೆ ಮನೆಯಲ್ಲೇ ಮಾಡುವ ಒಂದು ವ್ಯಾಯಾಮ ಹೇಳುತ್ತೇನೆ. ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿಡಿ. ಮುಂತುದಿಗೆ ಸರಿದು ಕೂತು, ಎರಡೂ ಪಾದ ನೆಲಕ್ಕೆ ಊರಿ, ಎದೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಕೈ ಊರದೆ ಎದ್ದು ನಿಲ್ಲಿ. ಕೂರುವಾಗ ದೊಪ್ಪನೆ ಬೀಳಬೇಡಿ, ಮೂರು ಎಣಿಸುತ್ತಾ ನಿಧಾನಕ್ಕೆ ಕೂರಿ. ಎಂಟು ಹತ್ತು ಸಲ ಸಾಕು. ಆಗದಿದ್ದರೆ ಕುರ್ಚಿಯ ಮೇಲೆ ದುಪ್ಪಟಿ ಮಡಚಿ ಹಾಕಿ ಎತ್ತರ ಮಾಡಿಕೊಳ್ಳಿ. ಸ್ವಲ್ಪ ನೋವಾಗಿ, ಮಾರನೇ ಬೆಳಗ್ಗೆ ಹೊತ್ತಿಗೆ ಮೊದಲಿನಂತಾದರೆ ಭಯವಿಲ್ಲ. ಮಂಡಿ ಊದಿಕೊಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಮಂಡಿ ಸವೆತವಿದ್ದ 454 ಜನರ ಮೇಲೆ ಹದಿನೆಂಟು ತಿಂಗಳು ನಡೆದ ಅಮೆರಿಕದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ವ್ಯಾಯಾಮ ಮಾತ್ರ ಮಾಡಿದವರು ಇಳಿದದ್ದು ಸರಾಸರಿ 2 ಕೆಜಿಯಷ್ಟು. ಊಟ, ವ್ಯಾಯಾಮ ಎರಡನ್ನೂ ಹಿಡಿದವರು 10 ಕೆಜಿಗಿಂತ ಹೆಚ್ಚು ಇಳಿದರು, ಅವರ ನೋವೂ ಹೆಚ್ಚು ತಗ್ಗಿತು. ಇಳಿದ ತೂಕ ಮತ್ತೆ ಏರದಂತೆ ತಡೆಯುವುದರಲ್ಲಂತೂ ನಡಿಗೆಯ ಪಾಲು ದೊಡ್ಡದು. ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಸಲ ಆಗದವರು ಹತ್ತು ಹತ್ತು ನಿಮಿಷ ಮಾಡಿ. ಮೆಟ್ಟಿಲು, ಬೆಟ್ಟ ಸದ್ಯಕ್ಕೆ ಬೇಡ, ಸಮನಾದ ರಸ್ತೆ ಸಾಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಮಾತ್ರೆ ನುಂಗುವವರು ಊಟ ಕಡಿಮೆ ಮಾಡಿ ನಡಿಗೆ ಶುರುಮಾಡುವ ಮೊದಲು ಡಾಕ್ಟರಿಗೆ ತಿಳಿಸಿ. ಕೆಲವರಿಗೆ ಔಷಧಿಯ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ. ನಡೆಯುವಾಗ ಕೈಕಾಲು ನಡುಗಿ, ಬೆವರಿ, ಕಣ್ಣು ಮಂಜಾದರೆ ಸಕ್ಕರೆ ಇಳಿದಿರಬಹುದು. ಅಲ್ಲೇ ಕೂತು ಸಕ್ಕರೆಯನ್ನೋ ಗ್ಲೂಕೋಸನ್ನೋ ತಿನ್ನಿ. ಅದರ ಪೊಟ್ಟಣವೊಂದು ಜೇಬಿನಲ್ಲೋ ಸೆರಗಿನ ತುದಿಯಲ್ಲೋ ಯಾವಾಗಲೂ ಇರಲಿ. ನಮಸ್ಕಾರ.