23 ಹೆಜ್ಜೆಯಿಂದ 14ಕ್ಕೆ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಬೈಕಿನ ಬ್ರೇಕಿನ ಬಗ್ಗೆ.

ಮೆಕ್ಕೆಜೋಳದ ಸುಗ್ಗಿ ಬಂತು ಅಂದ್ರೆ ನಮ್ಮ ಕಡೆ ಟಾರು ರಸ್ತೆ ಅರ್ಧ ಕಣವಾಗುತ್ತದೆ. ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆಗೆ ಹೋಗಿ, ದಾವಣಗೆರೆಯಿಂದ ಜಗಳೂರು ಕಡೆಗೆ ಹೋಗಿ, ರಸ್ತೆಯ ಒಂದು ಮಗ್ಗುಲು ಪೂರ್ತಿ ಹಳದಿ. ಕಾಳಿನ ಅಂಚಿಗೆ ಸಾಲಾಗಿ ಕಲ್ಲು. ಹೋದ ವರ್ಷ ಅಂಥ ಒಂದು ಕಲ್ಲಿಗೆ ನನ್ನ ಅಕ್ಕನ ಮಗ ಬೈಕು ಗುದ್ದಿದ. ಹಿಂದೆ ಕೂತಿದ್ದವನು ನಾನೇ.

ಎದುರಿಗೆ ಬಸ್ಸು ಬಂತು, ಹುಡುಗ ಬ್ರೇಕ್ ತುಳಿದ. ಬೈಕು ನಿಲ್ಲಲಿಲ್ಲ, ಸ್ವಲ್ಪ ನಿಧಾನವಾಯಿತು ಅಷ್ಟೆ. ಕಾಳಿನ ಮೇಲೆ ಹತ್ತಿ, ಜಾರಿ, ಕಲ್ಲಿಗೆ ತಾಗಿ ಮಲಗಿತು. ನನ್ನ ಮೊಣಕಾಲು ತರಚಿತು, ಅವನ ಪ್ಯಾಂಟು ಹರಿಯಿತು. ಕಾಳು ಕಾಯುತ್ತಿದ್ದ ಅಜ್ಜಿ ಓಡಿ ಬಂದು, "ಕಣ್ಣು ಎಲ್ಲಿಟ್ಕೊಂಡು ಬರ್ತೀರಪ್ಪಾ, ಕಾಳೆಲ್ಲ ಚರಂಡಿಗೆ ಹೋತು" ಅಂತ ಬೈದರು. ಆಮೇಲೆ ನೀರೂ ಕೊಟ್ಟರು. ನಾವಿಬ್ಬರೂ ಕೂತು ಅರ್ಧ ಗಂಟೆ ಕಾಳು ಬಾಚಿ ಕೊಟ್ಟೆವು.

ಅವತ್ತು ಸಂಜೆಯೇ ಹುಡುಗ ತೀರ್ಮಾನ ಮಾಡಿಬಿಟ್ಟಿದ್ದ. "ಮಾವ, ಈ ಡ್ರಮ್ ಬ್ರೇಕಿನ ಸಹವಾಸ ಸಾಕು. ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸ್ತೀನಿ. ದಾವಣಗೆರೆಯಲ್ಲಿ ಒಬ್ಬರು 12 ಸಾವಿರಕ್ಕೆ ಮಾಡಿಕೊಡ್ತಾರಂತೆ."

ಅದು ಅವನ ಅಪ್ಪ ಹತ್ತು ವರ್ಷ ಓಡಿಸಿ ಮಗನಿಗೆ ಬಿಟ್ಟುಕೊಟ್ಟ 100 ಸಿಸಿ ಬೈಕು. ಹಿಂದೂ ಡ್ರಮ್, ಮುಂದೂ ಡ್ರಮ್. ಡ್ರಮ್ ಅಂದ್ರೆ ಚಕ್ರದ ನಡುವಿನ ಡಬ್ಬಿ, ಬ್ರೇಕ್ ಹಿಡಿದಾಗ ಒಳಗಿನ ಎರಡು ಶೂಗಳು ಅಗಲಿ ಅದರ ಗೋಡೆಗೆ ಒತ್ತುತ್ತವೆ. ಅಂಥ ಬೈಕಿಗೆ ಡಿಸ್ಕ್ ಅಂದ್ರೆ ತಟ್ಟೆ ಒಂದನ್ನು ತಂದು ಕೂರಿಸುವುದಲ್ಲ. ಮುಂದಿನ ಚಕ್ರದ ಹಬ್, ಅಂದ್ರೆ ನಡುಭಾಗ, ಬೇರೆಯಾಗಬೇಕು. ತಟ್ಟೆಯನ್ನು ಎರಡು ಕಡೆಯಿಂದ ಹಿಚುಕುವ ಕ್ಯಾಲಿಪರ್ ಕೂರಲು ಫೋರ್ಕಿನ ಕಾಲು ಬೇರೆಯಾಗಬೇಕು. ಹ್ಯಾಂಡಲ್ ಮೇಲೆ ಬ್ರೇಕ್ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರ್, ಕೆಳಗೆ ಆ ಆಯಿಲಿನ ಹೋಸ್. ಬೇರೆ ಬೇರೆ ಬೈಕಿನ ಹಳೆ ಸಾಮಾನು ತಂದು ಜೋಡಿಸಿದರೆ ಯಾವುದು ಯಾವುದಕ್ಕೆ ಹೊಂದುತ್ತದೆ ಅಂತ ಯಾರು ಲೆಕ್ಕ ಹಾಕಿರುತ್ತಾರೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ, ಆ ತಕರಾರು ಬೇರೆ. ನಾನು ಐಟಿಐನಲ್ಲಿ ಫಿಟ್ಟರ್ ಪಾಠ ಮಾಡುವವನು, ಬೈಕ್ ಮೆಕ್ಯಾನಿಕ್ ಅಲ್ಲ. ಆದರೂ ಒಂದು ಮಾತು ಹೇಳಿದೆ. "ಇರೋ ಬ್ರೇಕು ಎಷ್ಟು ಹಿಡಿಯಬೇಕೋ ಅಷ್ಟು ಹಿಡೀತಾ ಇದೆಯಾ ಅಂತ ಮೊದಲು ನೋಡೋಣ. ಆಮೇಲೆ ನಿನ್ನ 12 ಸಾವಿರ."

ಭಾನುವಾರ ಬೆಳಿಗ್ಗೆ ಆರಕ್ಕೆ ನಮ್ಮ ಮನೆ ಹಿಂದಿನ ಲೇಔಟಿಗೆ ಹೋದೆವು. ಇನ್ನೂ ಮನೆ ಕಟ್ಟಿಲ್ಲ, ರಸ್ತೆ ಮಾತ್ರ ಇದೆ. ಸೀಮೆಸುಣ್ಣದಲ್ಲಿ ಅಡ್ಡ ಗೆರೆ ಎಳೆದೆ. ನಲವತ್ತರ ವೇಗದಲ್ಲಿ ಬಂದು ಗೆರೆ ಮುಟ್ಟಿದ ತಕ್ಷಣ ಬ್ರೇಕ್ ಹಿಡಿ ಅಂದೆ. ನಿಂತ ಜಾಗಕ್ಕೆ ಅಳೆದರೆ ನನ್ನ ಕಾಲಲ್ಲಿ 23 ಹೆಜ್ಜೆ. ಗಂಟೆಗೆ 40 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 11 ಮೀಟರ್. ಬ್ರೇಕಿಗೆ ಕೈ ಹೋಗುವ ಮುಂಚೆಯೇ ಒಂದು ಎತ್ತಿನ ಗಾಡಿಯುದ್ದ ದಾಟಿರುತ್ತೇವೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. 80ರಲ್ಲಿ ಹೋಗುವವನು ಇದನ್ನು ಲೆಕ್ಕ ಹಾಕಿರುವುದಿಲ್ಲ.

ಮನೆಗೆ ಬಂದು ಹಿಂದಿನ ಚಕ್ರ ಬಿಚ್ಚಿದೆವು. ಬಿಚ್ಚುವ ಮುಂಚೆಯೇ ಹೊರಗಿನಿಂದ ಒಂದು ವಿಷಯ ಕಾಣುತ್ತದೆ. ನಮ್ಮ ಊರುಗಳಲ್ಲಿ ಓಡುವ 100 ಸಿಸಿ ಬೈಕುಗಳಲ್ಲಿ ಬಹುಪಾಲಕ್ಕೆ ಡ್ರಮ್ಮಿನ ಮುಚ್ಚಳದ ಹತ್ತಿರ ಒಂದು ಸಣ್ಣ ಬಾಣದ ಗುರುತು ಇರುತ್ತದೆ. ಪೆಡಲ್ ಪೂರ್ತಿ ಒತ್ತಿದಾಗ ಬಾಣ ಪಕ್ಕದ ಗುರುತನ್ನು ಮುಟ್ಟಿದರೆ ಲೈನರ್, ಅಂದ್ರೆ ಶೂಗಳ ಮೇಲಿನ ಉಜ್ಜುವ ಪದರ, ಮುಗಿಯಿತು ಅಂತ ಅರ್ಥ. ನಾಳೆ ಬೆಳಿಗ್ಗೆ ಯಾರನ್ನಾದರೂ ಪೆಡಲ್ ಒತ್ತಲು ಹೇಳಿ, ನೀವು ಕೂತು ನೋಡಿ. ಒಂದು ಪೈಸೆ ಖರ್ಚಿಲ್ಲ. ಹುಡುಗನ ಬೈಕಿನಲ್ಲಿ ಬಾಣ ಗುರುತು ದಾಟಿ ಆಚೆ ಹೋಗಿತ್ತು.

ಒಳಗೆ ನೋಡಿದರೆ ಲೈನರ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವನ ಅಪ್ಪ ಬ್ರೇಕು ಸಡಿಲ ಅಂತ ಪ್ರತಿ ಸಲ ನಟ್ ತಿರುಗಿಸಿ ಟೈಟ್ ಮಾಡಿದ್ದಾರೆ. ಜಾಸ್ತಿ ಟೈಟ್ ಆದಾಗ ಲೈನರ್ ಡ್ರಮ್ಮಿಗೆ ಸದಾ ಉಜ್ಜುತ್ತದೆ, ಕಾಯುತ್ತದೆ, ಮೇಲ್ಮೈ ಗಟ್ಟಿಯಾಗಿ ನುಣ್ಣಗಾಗುತ್ತದೆ. ನುಣ್ಣಗಾದದ್ದು ಹಿಡಿಯುವುದಿಲ್ಲ. ಮೈಲೇಜೂ ಹೋಗುತ್ತದೆ. ಬ್ರೇಕ್ ಸಡಿಲ ಅನಿಸಿದಾಗೆಲ್ಲ ಟೈಟ್ ಮಾಡಿಸುತ್ತಾ ಹೋಗುವುದು ಅಂದ್ರೆ ಹೊಟ್ಟೆನೋವಿಗೆ ಬೆಲ್ಟ್ ಬಿಗಿ ಮಾಡಿದ ಹಾಗೆ.

ಈ ನಟ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನ್ನ ವಿದ್ಯಾರ್ಥಿಗಳೂ ಇಲ್ಲೇ ತಪ್ಪುತ್ತಾರೆ. ಪೆಡಲಿನಿಂದ ಒಂದು ರಾಡ್ ಹಿಂದಕ್ಕೆ ಹೋಗಿ ಡ್ರಮ್ಮಿನ ಹೊರಗಿನ ಸಣ್ಣ ತೋಳನ್ನು ಎಳೆಯುತ್ತದೆ. ಆ ರಾಡಿನ ತುದಿಯಲ್ಲೇ ಈ ನಟ್. ತೋಳು ತಿರುಗಿದರೆ ಒಳಗಿನ ಕ್ಯಾಮ್ ತಿರುಗಿ ಎರಡು ಶೂಗಳನ್ನು ಅಗಲಿಸುತ್ತದೆ. ಬ್ರೇಕ್ ಹಿಡಿದಾಗ ರಾಡೂ ತೋಳೂ ಗಾರೆಯವರ ಮೂಲೆಮಟ್ಟದ ಹಾಗೆ 90 ಡಿಗ್ರಿಯ ಹತ್ತಿರ ಇದ್ದರೆ ನಿಮ್ಮ ಕಾಲಿನ ಬಲ ಪೂರ್ತಿ ಒಳಗೆ ಮುಟ್ಟುತ್ತದೆ. ಲೈನರ್ ಸವೆದಂತೆ, ನಟ್ ಬಿಗಿದಂತೆ, ತೋಳು ಮುಂದಕ್ಕೆ ವಾಲುತ್ತಾ ಹೋಗುತ್ತದೆ. ಕೋನ ಕೆಡುತ್ತದೆ. ಆಗ ನೀವು ಎಷ್ಟು ತುಳಿದರೂ ಬಲದ ಒಂದು ಪಾಲು ಸುಮ್ನೆ ಹೋಗುತ್ತದೆ. ಕೆಲವರು ತೋಳನ್ನು ಬಿಚ್ಚಿ ಒಂದು ಹಲ್ಲು ಹಿಂದಕ್ಕೆ ಕೂರಿಸಿ ಕೊಡುತ್ತಾರೆ. ಬೇಡಿ. ಸವೆದ ಲೈನರಿನ ಮೇಲೆ ಕ್ಯಾಮ್ ಮಿತಿ ಮೀರಿ ತಿರುಗಿ ಅಲ್ಲೇ ಸಿಕ್ಕಿಕೊಂಡರೆ ಚಕ್ರವೇ ಜಾಮ್.

ಡ್ರಮ್ಮಿನೊಳಗಿನ ಧೂಳನ್ನು ಹುಡುಗ ಉಫ್ ಅಂತ ಊದಲು ಹೊರಟ. ಕೈ ಹಿಡಿದು ನಿಲ್ಲಿಸಿದೆ. ಹಳೆಯ ಲೈನರಿನಲ್ಲಿ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್, ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಗ್ಯಾರೇಜುಗಳಲ್ಲಿ ಗಾಳಿ ಪೈಪ್ ಹಿಡಿಯುವ ಹುಡುಗರಿಗೆ ಈ ಮಾತು ಯಾರೂ ಹೇಳುವುದಿಲ್ಲ, ಅದು ನನ್ನ ಹಳೆಯ ಸಂಕಟ.

ಕ್ಯಾಮ್ ಹೊರಗೆ ತೆಗೆಯಲು ಸುತ್ತಿಗೆಯೇ ಬೇಕಾಯಿತು, ಅಷ್ಟು ತುಕ್ಕು. ಎಮರಿ ಕಾಗದದಲ್ಲಿ ಉಜ್ಜಿ, ಶಾಖ ತಡೆಯುವ ಗ್ರೀಸನ್ನು ಬೆರಳ ತುದಿಯಲ್ಲಿ ಸವರಿದೆ. ಗ್ರೀಸ್ ಕ್ಯಾಮಿಗೆ ಮಾತ್ರ, ಅದೂ ತೆಳ್ಳಗೆ. ಲೈನರಿಗೆ ತಾಗಿದರೆ ಆ ಲೈನರ್ ಕಸದಬುಟ್ಟಿಗೆ. ಡ್ರಮ್ಮಿನ ಒಳಗೋಡೆಯನ್ನೂ ಎಮರಿಯಲ್ಲಿ ಅಡ್ಡಡ್ಡ ಉಜ್ಜಿದೆವು. ಹೊಸ ಶೂ ಹಾಕಿದೆವು. ಪೆಡಲಿನಲ್ಲಿ 20ರಿಂದ 30 ಮಿಲಿಮೀಟರ್ ಸಡಿಲ ಬಿಟ್ಟೆವು, ಹೆಬ್ಬೆರಳಗಲ ಅಂದ್ಕೊಳ್ಳಿ. ಜೋಡಿ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದರೆ ಎಲ್ಲೂ ಉಜ್ಜದೆ ಸಲೀಸಾಗಿ ತಿರುಗಬೇಕು.

ಮುಂದಿನ ಚಕ್ರಕ್ಕೂ ಅದೇ ಸೇವೆ, ಜೊತೆಗೆ ಹೊಸ ಕೇಬಲ್. ಹಳೆಯ ಕೇಬಲಿನ ಒಳತಂತಿ ಹ್ಯಾಂಡಲ್ ಹತ್ತಿರ ಎಳೆ ಎಳೆಯಾಗಿ ಬಿಟ್ಟಿತ್ತು. ನಾಲ್ಕು ಎಳೆ ಮೇಲೆ ಹುಡುಗನ ಪ್ರಾಣ ನಿಂತಿತ್ತು ಅನ್ನೋದನ್ನ ಅಕ್ಕನಿಗೆ ನಾನು ಇವತ್ತಿಗೂ ಹೇಳಿಲ್ಲ.

ಹೊಸ ಶೂ ಹಾಕಿದ ದಿನವೇ ಪೂರ್ತಿ ಹಿಡಿಯುವುದಿಲ್ಲ. ಡ್ರಮ್ಮಿನ ಸುತ್ತಳತೆಗೆ ಅದು ಕೂರಬೇಕು. ಕೆಲವು ದಿನ ಮೆತ್ತಗೆ ಹಿಡಿದು ಓಡಿಸು ಅಂತ ಹೇಳಿ ಕಳಿಸಿದೆ. ಎರಡು ವಾರ ಬಿಟ್ಟು ಅದೇ ಗೆರೆ, ಅದೇ ವೇಗ. 17 ಹೆಜ್ಜೆ.

ಇನ್ನು ಡಿಸ್ಕ್ ಇರುವವರು. ನಿಮಗೂ ಇದೇ ಕಥೆ, ಸಾಮಾನು ಮಾತ್ರ ಬೇರೆ. ಲಿವರ್ ಹಿಡಿದಾಗ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ, ಇಲ್ಲವೇ ಬ್ರೇಕ್ ಆಯಿಲ್ ಹಳೆಯದಾಗಿದೆ. ಈ ಆಯಿಲಿಗೆ ಉಪ್ಪಿನ ಗುಣ, ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ತೇವ ಸೇರಿದರೆ ಈ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಉದ್ದಕ್ಕೂ ಬ್ರೇಕ್ ಮೇಲೇ ಬೆರಳಿಟ್ಟರೆ ಆಯಿಲ್ ಕುದ್ದು ಗುಳ್ಳೆ ಏಳುತ್ತದೆ, ಲಿವರ್ ಹ್ಯಾಂಡಲ್‌ವರೆಗೆ ಬಂದುಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ಅದೇ ಹಾಕಿ, ಸೀಲ್ ಇರುವ ಸಣ್ಣ ಬಾಟಲಿಯೇ ತನ್ನಿ. ಡಾಟ್ 5 ಅಂತ ಒಂದಿದೆ, ಅದು ಸಿಲಿಕೋನ್, ಉಳಿದವುಗಳ ಜೊತೆ ಬೆರೆಸಬಾರದು. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ, ಇಲ್ಲಾಂದ್ರೆ ಬಣ್ಣ ಎದ್ದು ಬರುತ್ತದೆ. ಎಬಿಎಸ್, ಅಂದ್ರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಇರುವ ಬೈಕಾದರೆ ಈ ಕೆಲಸ ತಿಳಿದವರಿಗೇ ಬಿಡಿ.

ಪ್ಯಾಡ್, ಅಂದ್ರೆ ಡಿಸ್ಕನ್ನು ಹಿಚುಕುವ ಬಿಲ್ಲೆ, ಕೊಳ್ಳುವಾಗ ಅಂಗಡಿಯವನು "ರೇಸಿಂಗ್ ಪ್ಯಾಡ್ ಸಾರ್" ಅಂತ ಕೊಟ್ಟರೆ ತಗೋಬೇಡಿ. ಲೋಹದ ಪುಡಿ ಒತ್ತಿ ಮಾಡಿದ ಪ್ಯಾಡು ಮಳೆಯಲ್ಲೂ ಶಾಖದಲ್ಲೂ ಚೆನ್ನಾಗಿ ಹಿಡಿಯುತ್ತದೆ ನಿಜ. ಆದರೆ ಅದಕ್ಕೆ ಹೊಂದದ ಡಿಸ್ಕನ್ನು ಬೇಗ ತಿಂದುಹಾಕುತ್ತದೆ. ಕೈಪಿಡಿಯಲ್ಲಿ ಹೇಳಿದ ಪ್ಯಾಡು, ಬಿಲ್ಲಿನ ಜೊತೆ. ಸಾಕು. ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಹಾಕಿಸಿ, ಸಾದಾ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಇಷ್ಟೆಲ್ಲ ಆದಮೇಲೂ ಕೈಯಲ್ಲಿ ದುಡ್ಡು ಉಳಿದರೆ ಸ್ಟೀಲ್ ಹೆಣಿಗೆಯ ಹೋಸ್ ಹಾಕಿಸಬಹುದು. ರಬ್ಬರ್ ಹೋಸ್ ಒತ್ತಡಕ್ಕೆ ಕೊಂಚ ಉಬ್ಬುತ್ತದೆ, ಇದು ಅಷ್ಟು ಉಬ್ಬುವುದಿಲ್ಲ, ಲಿವರ್ ಗಟ್ಟಿ ಅನಿಸುತ್ತದೆ. ನನ್ನನ್ನು ಕೇಳಿದರೆ ಅದು ಊಟವಾದ ಮೇಲಿನ ಬಾಳೆಹಣ್ಣು.

ನಾನೇ ಮಾಡಿದ ಒಂದು ಎಡವಟ್ಟೂ ಹೇಳಿಬಿಡುತ್ತೇನೆ. ಗೆಳೆಯರೊಬ್ಬರ ಬೈಕಿನ ಚೈನಿಗೆ ಸ್ಪ್ರೇ ಹೊಡೆಯುವಾಗ ಹಿಂದಿನ ಡಿಸ್ಕಿಗೂ ಸಿಡಿಯಿತು. ಸೋಪು ನೀರಲ್ಲಿ ಡಿಸ್ಕ್ ತೊಳೆದೆ, ಪ್ಯಾಡು ಮಾತ್ರ ಎಣ್ಣೆ ಕುಡಿದಿತ್ತು. ಹೊಸ ಜೋಡಿ ನನ್ನ ಜೇಬಿನಿಂದಲೇ ಹೋಯಿತು.

ಹುಡುಗನ ಬೈಕಿಗೆ ಬರೋಣ. ಬ್ರೇಕು ಚಕ್ರವನ್ನು ನಿಲ್ಲಿಸುತ್ತದೆ, ಬೈಕನ್ನು ನಿಲ್ಲಿಸುವುದು ಟೈರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಅಂತ ಇದ್ದರೆ 2016ರ 23ನೇ ವಾರದಲ್ಲಿ ಮಾಡಿದ್ದು. ಇವನ ಮುಂದಿನ ಟೈರಿನಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅದೇ ಕಾಲ. ಗುಂಡಿ, ಅಂದ್ರೆ ಟೈರಿನ ಮೇಲಿನ ಉಬ್ಬು, ಇನ್ನೂ ಇದೆಯಲ್ಲ ಮಾವ ಅಂದ. ಗುಂಡಿ ಇತ್ತು, ರಬ್ಬರ್ ಸತ್ತಿತ್ತು. ಉಗುರು ಒತ್ತಿದರೆ ಒಳಗೆ ಹೋಗುತ್ತಿರಲಿಲ್ಲ. ನಮ್ಮ ಬಯಲುಸೀಮೆಯ ಬಿಸಿಲಿಗೆ ಮತ್ತೇನಾಗುತ್ತದೆ? ಬದಲಿಸಿದೆವು.

ಉಳಿದದ್ದು ಅವನ ಕೈ. ಅವನು ಮುಂದಿನ ಬ್ರೇಕ್ ಮುಟ್ಟುತ್ತಲೇ ಇರಲಿಲ್ಲ. "ಮುಂದಿನದು ಹಿಡಿದ್ರೆ ಪಲ್ಟಿ ಅಲ್ವಾ ಮಾವ?" ಸೈಕಲ್ ಕಲಿಸುವಾಗ ನಾವೇ ತುಂಬಿದ ಹೆದರಿಕೆ ಇದು. ಬ್ರೇಕ್ ಹಿಡಿದ ಕೂಡಲೇ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರವನ್ನು ತುಳಿದು ತುಳಿದು ಏನು ಬಂತು, ಅದು ಜಾರುತ್ತದೆ. ನೇರ ರಸ್ತೆಯಲ್ಲಿ ನಿಲ್ಲಿಸುವ ಕೆಲಸದ ಹೆಚ್ಚು ಪಾಲು ಮುಂದಿನದೇ. ಆದರೆ ಗಬಕ್ಕನೆ ಅಲ್ಲ. ಹಸುವಿನ ಕೆಚ್ಚಲು ಹಿಂಡುವ ಹಾಗೆ, ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ. ತಿರುವಿನಲ್ಲಿ, ಮರಳಿನ ಮೇಲೆ, ಕಾಳಿನ ಮೇಲೆ ಮಾತ್ರ ಮುಂದಿನದನ್ನು ಜೋರಾಗಿ ಹಿಡಿಯಬಾರದು. ವೇಗವನ್ನು ಅದಕ್ಕೂ ಮುಂಚೆಯೇ ಇಳಿಸಿರಬೇಕು. 2019ರ ಏಪ್ರಿಲ್ ನಂತರದ ಬೈಕಾದರೆ, 125 ಸಿಸಿಗಿಂತ ಮೇಲಿದ್ದರೆ ಎಬಿಎಸ್ ಇರುತ್ತದೆ. 125 ಅಥವಾ ಅದಕ್ಕಿಂತ ಕಡಿಮೆಯದಕ್ಕೆ ಎಬಿಎಸ್ ಇಲ್ಲದಿದ್ದರೆ ಒಂದನ್ನು ಹಿಡಿದರೆ ಎರಡೂ ಚಕ್ರ ಹಿಡಿಯುವ ಜೋಡಿ ಬ್ರೇಕ್ ಇರುತ್ತದೆ. ಹಳೆಯ ಬೈಕಿಗೆ ನಿಮ್ಮ ಬೆರಳೇ ಎಬಿಎಸ್.

ಮೂರು ಭಾನುವಾರ ಅದೇ ಲೇಔಟಿನಲ್ಲಿ ಅಭ್ಯಾಸ ಮಾಡಿಸಿದೆ. ಇಪ್ಪತ್ತರಲ್ಲಿ ಶುರು, ಆಮೇಲೆ ಮೂವತ್ತು, ಆಮೇಲೆ ನಲವತ್ತು. ಕೊನೆಯ ದಿನ 14 ಹೆಜ್ಜೆ. ಎರಡು ಸಲ ಅಳೆದೆ.

ಖರ್ಚು: ಎರಡೂ ಚಕ್ರದ ಶೂ 640 ರೂಪಾಯಿ, ಕೇಬಲ್ 180, ಎಮರಿ ಮತ್ತು ಗ್ರೀಸ್ 90, ಟೈರು 1,900. ಒಟ್ಟು 2,810. ಉಳಿದ ದುಡ್ಡಲ್ಲಿ ಒಂದು ಒಳ್ಳೆಯ ಐಎಸ್‌ಐ ಹೆಲ್ಮೆಟ್ ತಗೊಂಡ. ಇನ್ನೂ ಉಳಿದದ್ದು ಬೆಣ್ಣೆದೋಸೆಗೆ ಹೋಗಿದೆ ಅಂತ ನನ್ನ ಗುಮಾನಿ.

ಒಂದು ಮರೆತಿದ್ದೆ. ಹಿಂದಿನ ಪೆಡಲ್ ಅಡ್ಜಸ್ಟ್ ಮಾಡಿದ ಮೇಲೆ ಬ್ರೇಕ್ ಲೈಟಿನ ಸ್ವಿಚ್ ಕೂಡ ನೋಡಬೇಕು. ಪೆಡಲಿಗೆ ಸ್ಪ್ರಿಂಗಿನಿಂದ ಕಟ್ಟಿರುವ ಸಣ್ಣ ಸ್ವಿಚ್, ಅದರ ನಟ್ ತಿರುಗಿಸಿ ಸರಿಮಾಡಬೇಕು. ನಾವು ನೋಡಿರಲಿಲ್ಲ. ಹುಡುಗ ಕೆಂಪು ದೀಪ ಉರಿಸಿಕೊಂಡೇ ಚಿತ್ರದುರ್ಗದಿಂದ ದಾವಣಗೆರೆವರೆಗೆ ಹೆದ್ದಾರಿಯಲ್ಲಿ ಹೋಗಿದ್ದಾನೆ. ಆನಗೋಡಿನ ಹತ್ತಿರ ಲಾರಿಯವನೊಬ್ಬ ಪಕ್ಕಕ್ಕೆ ಬಂದು ಕಿಟಕಿಯಿಂದ ತಲೆ ಹಾಕಿ ಕೇಳಿದನಂತೆ, "ಏನ್ ತಮ್ಮಾ, ಅವಾಗಿಂದ ನಿಲ್ತೀಯೋ ಹೋಗ್ತೀಯೋ?"

ನಮಸ್ಕಾರ.