ವ್ಯಾಕ್ಯೂಮ್ ಕ್ಲೀನರ್ ತಗೊಳ್ಳೋಕೆ ಮುಂಚೆ ಫಿಲ್ಟರ್ ತೆಗೆದು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಗೊಂದು ವ್ಯಾಕ್ಯೂಮ್ ಕ್ಲೀನರ್ ಬೇಕು ಅಂತ ಅಂಗಡಿಗೆ ಹೋದ್ರೆ ಮೊದಲು ಕಿವಿಗೆ ಬೀಳೋದೇ ವ್ಯಾಟ್ ಲೆಕ್ಕ. ಇದು 1200, ಅದು 1600, ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತಾರೆ. ನಾನೂ ಹಾಗೇ ನಂಬ್ಕೊಂಡಿದ್ದೆ. ಆದ್ರೆ ವ್ಯಾಟ್ ಅಂದ್ರೆ ಮೆಷಿನ್ ಎಷ್ಟು ಕರೆಂಟ್ ಎಳೆಯುತ್ತೆ ಅನ್ನೋದು, ಎಷ್ಟು ಧೂಳು ಎಳೆಯುತ್ತೆ ಅನ್ನೋದಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2014ರಲ್ಲಿ ಮನೆಬಳಕೆ ಮೆಷಿನ್‌ಗಳಿಗೆ 1600 ವ್ಯಾಟ್ ಒಳಗೇ ಇರ್ಬೇಕು ಅಂತ ಮಿತಿ ಹಾಕಿದ್ರು, 2017ರಲ್ಲಿ ಅದನ್ನ 900 ವ್ಯಾಟ್‌ಗೆ ಇಳಿಸಿದ್ರು, ಅಷ್ಟರಲ್ಲೇ ಕೆಲಸ ಮಾಡೋ ಮೆಷಿನ್‌ಗಳು ಬಂದ್ವು. ಬಾಕ್ಸ್ ಮೇಲೆ ದೊಡ್ಡದಾಗಿ ಬರೆಯೋ ಪ್ಯಾಸ್ಕಲ್ ಅನ್ನೋ ಎಳೆತದ ಲೆಕ್ಕಾನೂ ಸ್ವಲ್ಪ ಯೋಚಿಸಿ ನೋಡಿ, ಸಾಮಾನ್ಯವಾಗಿ ಅದು ಪೈಪಿನ ಬಾಯಿ ಪೂರ್ತಿ ಮುಚ್ಚಿದಾಗ ಸಿಗೋ ಎಳೆತ. ಬಾಯಿ ಮುಚ್ಚಿದ್ರೆ ಗಾಳೀನೇ ಹರಿಯಲ್ಲ, ಗಾಳಿ ಹರಿಯದೆ ಧೂಳು ಎಲ್ಲಿಂದ ಬರುತ್ತೆ? ಎಳೆತ, ಗಾಳಿಯ ಹರಿವು ಎರಡೂ ಸೇರಿದ್ರೇನೇ ಕೆಲಸ, ಇವೆರಡನ್ನೂ ಸೇರಿಸಿ ಹೇಳೋ ಅಳತೆಗೆ ಏರ್ ವ್ಯಾಟ್ ಅಂತಾರೆ. ಅದನ್ನ ಬರೆದಿದ್ರೆ ಅದನ್ನ ನೋಡಿ.

1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಅನ್ನೋ ಎಂಜಿನಿಯರ್ ಈ ಮೆಷಿನ್ ಮಾಡೋಕೆ ಮುಂಚೆ ಒಂದು ಪರೀಕ್ಷೆ ಮಾಡಿದ್ರಂತೆ. ಕುರ್ಚಿ ಮೇಲೆ ಕರ್ಚೀಫ್ ಇಟ್ಟು ಬಾಯಿಂದ ಜೋರಾಗಿ ಉಸಿರೆಳ್ಕೊಂಡ್ರು, ತಿರುಗಿಸಿ ನೋಡಿದ್ರೆ ಬಟ್ಟೆಯ ಇನ್ನೊಂದು ಬದೀಲಿ ಧೂಳು ಅಂಟಿತ್ತು. ಗಾಳಿ ಬಟ್ಟೆ ದಾಟಿ ಹೋಯ್ತು, ಧೂಳು ದಾಟಲಿಲ್ಲ. ಇವತ್ತಿನ ಮೆಷಿನ್ನೂ ಅಷ್ಟೇ ರೀ, ಉಸಿರೇ ಅದರ ಜೀವ.

ಇದನ್ನ ನಾನು ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ನಮ್ಮನೆಯ ಮೊದಲನೇ ಮೆಷಿನ್ ಎರಡು ವರ್ಷ ತುಂಬೋಕೆ ಮುಂಚೇನೇ ಸುಟ್ಟೋಯ್ತು. ಮಧ್ಯ ಮಧ್ಯ ತಾನಾಗೇ ಆಫ್ ಆಗೋದು, ಅರ್ಧ ಗಂಟೆ ಬಿಟ್ಟು ಹಾಕಿದ್ರೆ ಮತ್ತೆ ಓಡೋದು, ಕೊನೆಗೊಂದಿನ ಸುಟ್ಟ ವಾಸನೆ ಬಂದು ನಿಂತೇಬಿಡ್ತು. ರಿಪೇರಿಯವರು ಬಿಚ್ಚಿ ಫಿಲ್ಟರ್ ನನ್ನ ಕೈಗೇ ಕೊಟ್ರು. ಮೇಲೆಲ್ಲ ಒಣಗಿದ ಸ್ಪಂಜು, ಬೆರಳಲ್ಲಿ ಅದುಮಿದ್ರೆ ಒಳಗೆ ತಣ್ಣಗೆ ಇನ್ನೂ ಒದ್ದೆ. ಅದರ ಹಿಂದಿದ್ದ ಫ್ಯಾನಿನ ರೆಕ್ಕೆಗಳಿಗೆ ಬೂದು ಬಣ್ಣದ ಧೂಳು ಕೆಸರಾಗಿ ಮೆತ್ಕೊಂಡು, ಒಣಗಿ ಗಟ್ಟಿಯಾಗಿತ್ತು. ಬೆಳಗ್ಗೆ ತೊಳೆದು ಮಧ್ಯಾಹ್ನಕ್ಕೇ ವಾಪಸ್ ಹಾಕ್ತಿದ್ದೆ ನಾನು, ಒಂದಿನ ಪೂರ್ತಿ ಒಣಗಿಸ್ಬೇಕಿತ್ತು. ಅವರು ಹೇಳಿದ್ದು ಇಷ್ಟು: ಮನೇಲಿ ಬಳಸೋ ಸಾಮಾನ್ಯ ಡ್ರೈ ಮೆಷಿನ್‌ನಲ್ಲಿ ಒಳಗೆ ಎಳೆದ ಗಾಳೀನೇ ಮೋಟಾರ್ ಸುತ್ತ ಹಾದು ಅದನ್ನ ತಣ್ಣಗೆ ಇಡೋದು, ಫಿಲ್ಟರ್ ಕಟ್ಕೊಂಡ್ರೆ ಮೋಟಾರಿಗೆ ಉಸಿರೇ ಇಲ್ಲ. ತಾನಾಗೇ ಆಫ್ ಆಗ್ತಿದ್ದಿದ್ದು ಕೆಟ್ಟು ಅಲ್ಲ, ಬಿಸಿ ಆಗಿದೀನಿ ಕಾಪಾಡು ಅಂತ. ಅದು ಅಷ್ಟು ಸಲ ಹೇಳಿದ್ರೂ ನನಗೆ ಗೊತ್ತಾಗ್ಲಿಲ್ಲ, ಅದೇ ಬೇಜಾರು. ನೀರು, ಒದ್ದೆ ಕಸ ಎಳೆಯೋ ವೆಟ್ ಅಂಡ್ ಡ್ರೈ ಮೆಷಿನ್‌ಗಳಲ್ಲಿ ಮೋಟಾರ್ ತಣ್ಣಗಾಗೋಕೆ ಬೇರೆ ಗಾಳಿಯ ದಾರಿ ಇರುತ್ತೆ, ಅದಕ್ಕೇ ಅವು ತಡೆಯೋದು. ಡ್ರೈ ಮೆಷಿನ್‌ನಲ್ಲಿ ಒಂದು ಲೋಟ ನೀರೂ ಎಳೀಬೇಡಿ, ಸಿಮೆಂಟ್ ಪುಡಿ, ಬೂದಿ ಇಂಥ ನುಣ್ಣನೆ ಪುಡಿಯಂತೂ ಬೇಡವೇ ಬೇಡ, ಎರಡೇ ನಿಮಿಷಕ್ಕೆ ಫಿಲ್ಟರಿನ ರಂಧ್ರ ಎಲ್ಲ ಮುಚ್ಚಿಹೋಗುತ್ತೆ.

ಹಾಗಾಗಿ ಅಂಗಡೀಲಿ ಬರೀ ಆನ್ ಮಾಡಿ ಸದ್ದು ಕೇಳಿ ಬರ್ಬೇಡಿ. ಧೂಳಿನ ಡಬ್ಬಿ ನೀವೇ ತೆಗೀರಿ, ಫಿಲ್ಟರ್ ನೀವೇ ಬಿಚ್ಚಿ, ನೀವೇ ವಾಪಸ್ ಹಾಕಿ. ಅಲ್ಲೇ ಕಷ್ಟ ಆದ್ರೆ ಮನೇಲಿ ತಿಂಗಳಿಗೊಂದ್ಸಲಾನೂ ಮಾಡಲ್ಲ. ಲಾಕ್ ಕೊಕ್ಕೆ ತೆಳ್ಳಗೆ, ಒತ್ತಿದ್ರೆ ಬಾಗೋ ಹಾಗಿದ್ರೆ ಅದೇ ಮೊದಲು ಮುರಿಯೋದು. ಪೈಪು ಡಬ್ಬಿಗೆ ಸೇರೋ ಕುತ್ತಿಗೆ ಹತ್ರ ಬಗ್ಗಿಸಿ ನೋಡಿ, ಮೆಷಿನ್ ಎಳ್ಕೊಂಡು ಓಡಾಡೋವಾಗ ಭಾರ ಎಲ್ಲ ಬೀಳೋದು ಅಲ್ಲೇ, ಸಾಮಾನ್ಯವಾಗಿ ಸೀಳೋದೂ ಅಲ್ಲೇ. ಒಂದು ಸಣ್ಣ ಸೀಳು ಬಿದ್ರೂ ಗಾಳಿ ಅಲ್ಲಿಂದಾನೇ ನುಗ್ಗಿ, ಮುಂದೆ ನೆಲದ ಹತ್ರ ಎಳೆತ ಕಮ್ಮಿ ಆಗುತ್ತೆ.

ಬ್ರಷ್ ರೋಲರ್ ಇರೋ ಮೆಷಿನ್ ಆದ್ರೆ ಅದನ್ನ ತಿರುಗಿಸಿ ನೋಡಿ, ರೋಲರ್ ಕೈಲೇ ಹೊರಗೆ ಬರುತ್ತಾ? ಉದ್ದ ಕೂದಲಿರೋರ ಮನೇಲಿ ಇದು ಬಹಳ ಮುಖ್ಯ. ಕೂದಲು ಮಧ್ಯ ಸುತ್ಕೊಂಡ್ರೆ ಕತ್ತರಿಯಲ್ಲಿ ಕತ್ತರಿಸಬಹುದು, ಆದ್ರೆ ಅದು ಮೆಲ್ಲಗೆ ಎರಡೂ ತುದಿಗೆ ಸರಿದು ಬೇರಿಂಗ್ ಪಕ್ಕ ಬಿಗಿಯಾಗಿ ಸುತ್ಕೊಳ್ಳುತ್ತೆ, ಅಲ್ಲಿ ತಿಕ್ಕಾಟಕ್ಕೆ ಬಿಸಿ ಏರಿ ಪ್ಲಾಸ್ಟಿಕ್ಕೇ ಕರಗಬಹುದು. ಸ್ಕ್ರೂ ಬಿಚ್ಚದೆ ಹೊರಗೆ ಬಾರದ ರೋಲರ್ ನನಗೆ ಬೇಡ.

ಬ್ಯಾಗ್ ಇರೋದಾ ಇಲ್ದೇ ಇರೋದಾ ಅಂತ ಕೇಳ್ತಾರೆ. ಡಬ್ಬಿ ಇರೋದು ಖರ್ಚಿಲ್ಲ, ನಿಜ. ಆದ್ರೆ ಖಾಲಿ ಮಾಡೋವಾಗ ನುಣ್ಣನೆ ಧೂಳು ಹೊಗೆ ಥರ ಎದ್ದು ಮುಖಕ್ಕೇ ಬರುತ್ತೆ. ಮನೇಲಿ ಅಸ್ತಮಾ ಇರೋರಿದ್ರೆ ನಾನು ಬ್ಯಾಗ್ ಇರೋದನ್ನೇ ತಗೊಳ್ಳಿ ಅಂತೀನಿ, ಕಟ್ಟಿ ಎಸೆದ್ರೆ ಮುಗೀತು, ಆದ್ರೆ ಆ ಬ್ಯಾಗು ಮುಂದೇನೂ ಸುಲಭವಾಗಿ ಸಿಗುತ್ತಾ ಅಂತ ಮೊದಲೇ ಕೇಳ್ಕೊಳ್ಳಿ. ತೀರಾ ನುಣ್ಣನೆ ಧೂಳನ್ನೂ ಹಿಡಿಯೋ ಹೆಪಾ ಫಿಲ್ಟರ್ ಇರೋದೂ ಒಳ್ಳೇದು, ನಿಜವಾದ ಹೆಪಾ 0.3 ಮೈಕ್ರಾನ್ ಕಣಗಳಲ್ಲಿ ನೂರಕ್ಕೆ 99.97ರಷ್ಟು ಹಿಡಿಯುತ್ತೆ. ಹೆಪಾ ಟೈಪ್, ಹೆಪಾ ಲೈಕ್ ಅಂತ ಬರೆದಿದ್ರೆ ಅದಕ್ಕೆ ಆ ಖಾತ್ರಿ ಇಲ್ಲ. ಇನ್ನೊಂದು, ಫಿಲ್ಟರ್ ಎಷ್ಟೇ ಚೆನ್ನಾಗಿದ್ರೂ ಸುತ್ತ ರಬ್ಬರ್ ಸೀಲ್ ಸಡಿಲ ಇದ್ರೆ ಧೂಳು ಪಕ್ಕದಿಂದಾನೇ ತಪ್ಪಿಸ್ಕೊಂಡು ಹೋಗಿರುತ್ತೆ, ಬೆರಳು ಆಡಿಸಿ ನೋಡಿ.

ವೈರ್ ಇಲ್ದಿರೋ ಮೆಷಿನ್ ಹಗುರ, ಮೆಟ್ಟಿಲಿಗೆ, ಕಾರಿಗೆ ಅನುಕೂಲ, ಬೇಡ ಅನ್ನಲ್ಲ. ಆದ್ರೆ ಲಿಥಿಯಂ ಬ್ಯಾಟರಿ ದಿನೇ ದಿನೇ ಸೊರಗುತ್ತೆ, ಅದು ಯಾರು ಮಾಡಿದ್ರೂ ಅಷ್ಟೇ. ಬಾಕ್ಸ್ ಮೇಲೆ ಬರೆದ ನಿಮಿಷಗಳು ಸಾಮಾನ್ಯವಾಗಿ ತೀರಾ ಕಮ್ಮಿ ಸ್ಪೀಡಿನವು, ಫುಲ್ ಸ್ಪೀಡಲ್ಲಿ ಬಹಳ ಬೇಗ ಮುಗಿಯುತ್ತೆ. ಬ್ಯಾಟರಿ ಒತ್ತಿದ ತಕ್ಷಣ ಹೊರಗೆ ಬರ್ಬೇಕು, ಬೇರೆಯಾಗಿ ಕೊಳ್ಳೋಕೆ ಸಿಗ್ಬೇಕು. ಒಳಗೇ ಕೂರಿಸಿಬಿಟ್ಟಿದ್ರೆ ಬ್ಯಾಟರಿ ಸತ್ತ ದಿನ ಚೆನ್ನಾಗಿರೋ ಮೋಟಾರೂ ಕಸಕ್ಕೆ.

ವಾರಂಟಿ ಕಾಗದ ಓದಿ, ಕೆಲವದರಲ್ಲಿ ಮೋಟಾರಿಗೆ ಮಾತ್ರ ಜಾಸ್ತಿ ವರ್ಷ, ಮಿಕ್ಕಿದ್ದಕ್ಕೆ ಕಮ್ಮಿ. ಅದಕ್ಕಿಂತ ಮುಂಚೆ ನಾನು ಕೇಳೋದು ಸ್ಪೇರ್ ಪಾರ್ಟ್ಸ್: ಫಿಲ್ಟರ್, ಪೈಪ್, ಬೆಲ್ಟ್, ಮೋಟಾರಿಗೆ ಕರೆಂಟ್ ಮುಟ್ಟಿಸೋ, ಸವೆದುಹೋಗೋ ಕಾರ್ಬನ್ ಬ್ರಷ್ ಬಿಡಿಯಾಗಿ ಸಿಗುತ್ತಾ? ಎರಡನೇ ಮೆಷಿನ್ ತಗೊಳ್ಳೋವಾಗ ಇದನ್ನೇ ಕೇಳಿದ್ದೆ, ಸಿಗುತ್ತೆ ಅಂದ್ರು, ತಕ್ಷಣ ಒಂದು ಫಿಲ್ಟರ್ ಜಾಸ್ತಿ ತಗೊಂಡ್ಬಂದೆ. ಈಗ ಒಂದು ಫಿಲ್ಟರ್ ಮೆಷಿನ್ ಒಳಗಿದ್ರೆ ಇನ್ನೊಂದು ಬಟ್ಟೆ ದಾರದ ಮೇಲೆ ಕ್ಲಿಪ್ ಹಾಕ್ಕೊಂಡು ನಿಧಾನಕ್ಕೆ ಒಣಗ್ತಿರುತ್ತೆ.

ನಮಸ್ಕಾರ.